ಚಾಪೆಯ ಕೆಳಗೆ ಒಂದು ಹಗಲು

ಅಂದು ಸಂಜೆ ನನ್ನ ಗಂಡ ಬಹಳ ಚೆನ್ನಾಗಿ ಪ್ರಾರ್ಥಿಸಿದ. ನಾನು ಇಲ್ಲಿಂದಲೇ ಶುರುಮಾಡಬೇಕು, ಯಾಕೆಂದರೆ ನಮ್ಮೂರಿನಲ್ಲಿ ಬೇರೆ ಯಾರೂ ಇದನ್ನು ಇಲ್ಲಿಂದ ಹೇಳುವುದಿಲ್ಲ.

ಸೂರ್ಯ ಕಡಲಿಗೆ ತಾಗುವ ಹೊತ್ತಿಗೆ ನಮ್ಮಲ್ಲಿ ಶಂಖ ಮೂರು ಸಲ ಕೂಗುತ್ತದೆ. ಮೊದಲ ಕೂಗಿಗೆ ಎಲ್ಲರೂ ಮನೆ ಸೇರಬೇಕು, ಎರಡನೆಯದಕ್ಕೆ ಕೂತು ಪ್ರಾರ್ಥನೆ ತೊಡಗಬೇಕು, ಮೂರನೆಯದು ಕೇಳಿದ ಮೇಲೆಯೇ ದಾರಿಗೆ ಕಾಲಿಡಬೇಕು. ನಡುವಿನ ಆ ಹೊತ್ತಿನಲ್ಲಿ ನಾಯಿ ಕೂಡ ರಸ್ತೆ ದಾಟುವುದಿಲ್ಲ ಎಂದು ಹೇಳಿಕೊಳ್ಳುವುದು ನಮಗೊಂದು ಹೆಮ್ಮೆ. ಹೊರಗಿನ ಗಾಡಿ ಬಂದರೆ ಊರಿನ ಎರಡು ತುದಿಯಲ್ಲಿ ನಿಂತ ಗಂಡಸರು ಕೈ ಅಡ್ಡ ಹಿಡಿಯುತ್ತಾರೆ. ನಮ್ಮ ಈ ಸವಾಯಿ ದ್ವೀಪದ ಬೇರೆ ಊರುಗಳಲ್ಲಿ ಈಗ ನೋಡಿಯೂ ನೋಡದ ಹಾಗೆ ಬಿಟ್ಟುಬಿಡುತ್ತಾರಂತೆ. ನಮ್ಮಲ್ಲಿ ಬಿಡುವುದಿಲ್ಲ. ಬಿಡಬಾರದು ಎಂದು ಕಟ್ಟು ಮಾಡಿದವನೇ ನನ್ನ ಗಂಡ ಪೆಸಮಿನೊ, ನಮ್ಮ ಚರ್ಚಿನ ಸಭೆಯ ಹಿರಿಯ. ಮೂರನೆಯ ಶಂಖ ಊದುವವನೂ ಅವನೇ. ನಮ್ಮ ಮನೆಯ ಪ್ರಾರ್ಥನೆ ಮುಗಿದು ಅವನು ಕಂಬದ ಮೇಲಿನ ಶಂಖಕ್ಕೆ ಕೈಹಾಕಿದರೆ ಊರು ಉಸಿರು ಬಿಡುತ್ತದೆ.

ನಮ್ಮ ಮನೆಗಳಿಗೆ ಗೋಡೆಯಿಲ್ಲ, ಕಂಬಗಳು ಮಾತ್ರ. ಒಳಗಿನ ಪ್ರಾರ್ಥನೆ ದಾರಿಗೆ ಕೇಳುತ್ತದೆ, ದಾರಿಯ ಗಾಡಿ ಒಳಗಿನವರಿಗೆ ಕಾಣುತ್ತದೆ. ಪೆಸಮಿನೊನ ಧ್ವನಿಯಂತೂ ಎರಡು ಮನೆ ದಾಟಿ ಹೋಗುವಂಥದ್ದು. ಆ ಧ್ವನಿಗೆ ಸೋತೇ ನಾನು ಮದುವೆಯಾದದ್ದು. ಅವನ ಹಲ್ಲು ಆಗಲೂ ವಕ್ರವೇ ಇದ್ದವು. ಪ್ರಾರ್ಥನೆ ತೀರ ಉದ್ದವಾದರೆ ನಾನು ಸಣ್ಣಗೆ ಕೆಮ್ಮುತ್ತಿದ್ದೆ, ಅವನು ಎರಡು ಮಾತಿನಲ್ಲಿ ಮುಗಿಸಿ ಆಮೆನ್ ಅನ್ನುತ್ತಿದ್ದ. ಮೂವತ್ತೆಂಟು ವರ್ಷ ಹೀಗೆ ನಡೆದಿತ್ತು.

ಅಂದು ಊರಿನ ತುದಿಯಲ್ಲಿರುವ ನಮ್ಮ ಮನೆಯೆದುರೇ ಒಂದು ಪಿಕಪ್ ಗಾಡಿ ಬಂದು ನಿಂತಿತು. ದೀಪ ಉರಿಯುತ್ತಲೇ ಇತ್ತು. ಪೆಸಮಿನೊ ಒಂದು ಕಣ್ಣು ತೆರೆದು ಅದನ್ನು ನೋಡಿದ. ಅವನು ನೋಡಿದ್ದನ್ನು ನಾನು ನೋಡಿದೆ. ಆಮೇಲೆ ಅವನ ಧ್ವನಿ ಬದಲಾಯಿತು. ಹೊಸಬರು ಕೇಳುತ್ತಿದ್ದಾರೆಂದು ತಿಳಿದ ಹಾಡುಗಾರನ ಹಾಗೆ ಅದು ಮೆಲ್ಲಗೆ ಏರಿತು. ಮುಗಿಯಬೇಕಾದಲ್ಲಿ ಮುಗಿಯದೆ ಕಡಲಿಗಿಳಿಯಿತು, ತಿಮಿಂಗಿಲಗಳನ್ನು ಕರೆಯಿತು, ಮರುಭೂಮಿಯಲ್ಲಿ ಅಲೆದ ಜನರನ್ನು ಕರೆಯಿತು, ಮಂಜಿನ ಹನಿಗೂ ಒಂದು ಹೆಸರಿಟ್ಟಿತು. ಅಷ್ಟು ಚಂದದ ಪ್ರಾರ್ಥನೆಯನ್ನು ನಾನು ಚರ್ಚಿನಲ್ಲೂ ಕೇಳಿರಲಿಲ್ಲ. ಒಲೆಯ ಮೇಲಿದ್ದ ಕೆಸುವಿನ ಎಲೆಯಲ್ಲಿ ತೆಂಗಿನ ಹಾಲು ಬತ್ತಿ ತಳ ಹಿಡಿಯಿತು, ವಾಸನೆ ಬಂತು. ನಾನು ಕೆಮ್ಮಲಿಲ್ಲ. ನಾನು ಯಾರ ಹೆಂಡತಿಯೆಂದು ಆಚೆ ಊರಿನವರಿಗೂ ತಿಳಿಯಲಿ ಅನ್ನಿಸಿತ್ತು.

ಗಾಡಿಯಲ್ಲಿದ್ದವನು ಮಲಾಕಿ. ಕಪ್ಪು ಲಾವಾ ಬಯಲಿನ ಆಚೆಯ ಊರಿನವನು, ದೋಣಿ ಮಾಡುವವನು. ಎದೆ ಹಿಡಿದುಕೊಂಡಿತ್ತು. ಗಾಡಿ ಓಡಿಸುತ್ತಿದ್ದವಳು ಅವನ ಹೆಂಡತಿ ತೆಲೇಸಿಯಾ. ಕೈ ಅಡ್ಡ ಹಿಡಿದಿದ್ದ ಕಾವಲಿನವನು ಕಿಟಕಿಗೆ ಬಗ್ಗಿ, "ಈಗ ಮುಗಿಯುತ್ತೆ ಅಕ್ಕಾ, ದಿನಾ ಇಷ್ಟೊತ್ತಿಗೆ ಮುಗಿದಿರುತ್ತೆ," ಎಂದನಂತೆ. ಮತ್ತೆ ಮತ್ತೆ ಅದನ್ನೇ ಹೇಳಿದನಂತೆ. ಆಮೇಲೆ ನಮ್ಮ ಅಂಗಳದ ಅಂಚಿಗೆ ಬಂದು ನಿಂತ. ಪ್ರಾರ್ಥನೆಯ ನಡುವೆ ಬಾಯಿ ಹಾಕುವ ಧೈರ್ಯ ಅವನಿಗಾಗಲಿಲ್ಲ. ಕೊನೆಗೆ ಶಂಖ ಕೂಗಿತು, ಗಾಡಿ ಚಿಮ್ಮಿಕೊಂಡು ಹೋಯಿತು. ಮಲಾಕಿ ಆಸ್ಪತ್ರೆಯ ದಾರಿಯಲ್ಲೇ ತೀರಿಕೊಂಡ.

ಹತ್ತು ನಿಮಿಷ ಮೊದಲು ಬಂದಿದ್ದರೆ ಬದುಕುತ್ತಿದ್ದನೇ ಎಂದು ಕೇಳಿದ್ದಕ್ಕೆ ವೈದ್ಯರು, "ಹೇಳಲಾಗುವುದಿಲ್ಲ," ಎಂದರು. ಆ ಮಾತನ್ನು ನಮ್ಮೂರಿನವರು ಎರಡು ಕೈಯಲ್ಲಿ ಹಿಡಿದುಕೊಂಡರು. ಹಿರಿಯರ ಕೂಟ ಸೇರಿತು. ಕಟ್ಟು ಕಟ್ಟೇ, ಯಾರ ತಪ್ಪೂ ಇಲ್ಲ, ಸತ್ತವರ ಮನೆಗೆ ಮರ್ಯಾದೆಗೆ ಒಂದು ಚಾಪೆ ಕಳಿಸೋಣ ಎಂದಿತು. ಪ್ರಾರ್ಥನೆ ಎಷ್ಟು ಉದ್ದವಿತ್ತು ಎಂದು ಯಾರೂ ಕೇಳಲಿಲ್ಲ. ದೇವರ ಮುಂದಿನ ಮಾತನ್ನು ಅಳೆಯುವವರು ಯಾರು?

ಮೂರು ವಾರ ಪೆಸಮಿನೊ ಮನೆಯಲ್ಲಿ ಗಟ್ಟಿಯಾಗಿ ಪ್ರಾರ್ಥಿಸಲಿಲ್ಲ. ತುಟಿ ಅಲುಗಿಸಿ ಶಂಖ ಊದಿಬಿಡುತ್ತಿದ್ದ. ಚರ್ಚಿನಲ್ಲಿ ಎದ್ದು ನಿಂತವನಿಗೆ ಮಾತು ಕಟ್ಟಿ ಕಣ್ಣೀರು ಬಂದಾಗ ಜನ, "ಎಂಥಾ ವಿನಯ ನೋಡು," ಎಂದು ಪಿಸುಗುಟ್ಟಿದರು. ಅಂದು ಮನೆಗೆ ಬಂದು ಅನ್ನ ಮುಟ್ಟದೆ ಮಲಗಿದ.

ಮರುದಿನ ಬೆಳಗ್ಗೆ ಕೆಂಡದಲ್ಲಿ ಜೀಗುಜ್ಜೆ ಕಾಯಿ ಸುಡುತ್ತಿದ್ದೆ. ಅವನು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ಮುದುಕಿ, ಅವತ್ತು ನನ್ನ ಪ್ರಾರ್ಥನೆ ಎಷ್ಟು ಉದ್ದ ಇತ್ತು?"

"ದಿನದ ಹಾಗೇ ಇತ್ತಪ್ಪ."

"ವಯಸ್ಸು ಅರವತ್ತಾದ್ರೂ ಸುಳ್ಳು ಹೇಳೋಕೆ ಕಲೀಲಿಲ್ಲ ನೀನು."

ನಾನು ಜೀಗುಜ್ಜೆ ತಿರುವಿದೆ. ಅವನು ಬೂದಿಯಲ್ಲಿ ಕಡ್ಡಿಯಿಂದ ಗೆರೆ ಎಳೆಯುತ್ತ, "ಗಾಡಿ ನೋಡಿದೆ ನಾನು," ಎಂದ.

"ಗೊತ್ತು."

"ಅದಕ್ಕೇ ಬೆಳೆಸಿದೆ."

"ಅದೂ ಗೊತ್ತು."

ಅವನು ನನ್ನ ಮುಖ ನೋಡಿದ. "ಮತ್ತೆ ಯಾಕೆ ಕೆಮ್ಮಲಿಲ್ಲ?"

ನಾನು ಸುಟ್ಟ ಜೀಗುಜ್ಜೆಯನ್ನು ಬೂದಿಯಿಂದ ಹೊರಗೆಳೆದೆ.

ಅಂದೇ ಅವನು ಇಫೋಂಗ ಮಾಡುತ್ತೇನೆ ಎಂದ. ಅದು ನಮ್ಮ ಹಿಂದಿನವರ ದಾರಿ. ನೋವು ಕೊಟ್ಟವನು ಬೆಳಕು ಹರಿಯುವ ಮೊದಲೇ ನೊಂದವರ ಮನೆಯ ಮುಂದೆ ಮಂಡಿಯೂರಿ, ತಲೆಯ ಮೇಲೆ ಮನೆಯ ಅತ್ಯುತ್ತಮ ಚಾಪೆ ಹೊದ್ದು ಕೂರಬೇಕು. ಒಲೆಗೆ ಬೇಕಾದ ಕಲ್ಲು, ಸೌದೆ ತಾನೇ ಹೊತ್ತು ತಂದು ಎದುರಿಗಿಡಬೇಕು: ನಮ್ಮನ್ನು ಬೇಯಿಸಿದರೂ ಸರಿ ಎಂಬಂತೆ. ಮಾತಾಡುವ ಹಾಗಿಲ್ಲ. ಆ ಮನೆಯ ಹಿರಿಯ ಬಂದು ಚಾಪೆ ಎತ್ತಿದರೆ ಕ್ಷಮೆ. ಎತ್ತದಿದ್ದರೆ, ಆ ಕಲ್ಲು ಎದುರಿಗೇ ಇರುತ್ತದೆ.

ಊರಿನವರು ಬೇಡವೆಂದರು. "ನೀನು ಹೋಗಿ ಮಂಡಿಯೂರಿದ್ರೆ ಇಡೀ ಊರೇ ತಪ್ಪು ಮಾಡಿದ ಹಾಗಾಗುತ್ತೆ," ಎಂದರು. ಹೋಗುವುದಾದರೆ ನೀನೇ ಹೋಗು, ಊರು ಹಿಂದೆ ಬರುವುದಿಲ್ಲ ಎಂದರು. ಅವನ ಅಕ್ಕ ಆಸೆನಾತಿ ಮಾತ್ರ ಪೆಟ್ಟಿಗೆಯ ತಳದಿಂದ ತನ್ನ ಚಾಪೆ ತೆಗೆದಳು. ಕೇದಗೆಯ ಓಲೆಯನ್ನು ನೂಲಿನಷ್ಟು ಸಣ್ಣಗೆ ಸೀಳಿ ನೇಯ್ದದ್ದು, ಅಂಚಿಗೆ ಕೆಂಪು ಗರಿ. ಅವಳ ಅಜ್ಜಿ ನೇಯಲು ಹಿಡಿದು ಅಮ್ಮ ಮುಗಿಸಿದ ಚಾಪೆ.

"ಚಿಕ್ಕವನಿದ್ದಾಗ ನಿನ್ನ ಕಿವಿ ಹಿಂಡಿ ಮಂಡಿಯೂರಿಸೋದು ನನ್ನ ಕೈಲೂ ಆಗ್ಲಿಲ್ಲ," ಎಂದಳು ತಮ್ಮನಿಗೆ. "ಈಗ ಆ ದೋಣಿಯವನು ಸತ್ತು ಮಂಡಿ ಊರಿಸ್ತಿದ್ದಾನೆ. ತಗೋ. ರಕ್ತ ಗಿಕ್ತ ಮಾಡಿದ್ರೆ ತೊಳೆದು ಕೊಡು."

"ಅಕ್ಕಾ, ಇದು ವಾಪಸ್ ಬರೋ ಚಾಪೆ ಅಲ್ಲ."

"ಗೊತ್ತು ಕಣೋ. ಅಷ್ಟೂ ಗೊತ್ತಿಲ್ವಾ ನಂಗೆ." ಬಟ್ಟೆಯ ಅಂಚಿಗೆ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ನೀನ್ಯಾಕೆ ಹೋಗ್ತೀಯಾ ರೂತಾ? ಪ್ರಾರ್ಥನೆ ಮಾಡಿದ್ದು ಅವನು."

"ಕೇಳಿದ್ದು ನಾನು," ಎಂದೆ.

ಆಸೆನಾತಿಯ ಅಳಿಯ ನಮ್ಮನ್ನು ಗಾಡಿಯಲ್ಲಿ ಲಾವಾ ಬಯಲು ದಾಟಿಸಿ ಆ ಊರಿನ ಬಾವಿಯ ಹತ್ತಿರ ಇಳಿಸಿದ. ಮೂಡಣ ಇನ್ನೂ ಬೂದಿಯ ಬಣ್ಣದಲ್ಲಿತ್ತು. ದಾರಿಯಲ್ಲಿ ನನ್ನ ಗಂಡನ ಕಿವಿಯಲ್ಲಿ ಹೇಳಿದ್ದೆ: "ಮಾತಾಡೋ ಹಾಗಿಲ್ಲ ಅಂತ ಕಟ್ಟು ಇದೆ. ಚಾಪೆ ಎತ್ತಿದ್ರೆ ಎದ್ದು ಬಾ. ಅದೊಂದನ್ನ ಹೇಳಬೇಡ. ಅದು ನಮ್ಮಿಬ್ಬರಿಗೆ, ದೇವರಿಗೆ ಮಾತ್ರ ಗೊತ್ತಿರ್ಲಿ." ಅವನು ಇಳಿದು ಸೌದೆಯ ಹೊರೆಯನ್ನು ಹೆಗಲಿಗೇರಿಸಿಕೊಂಡ.

ಅವರ ಮನೆಯ ಮುಂದೆ ಮಲಾಕಿಯ ಸಮಾಧಿ. ಹೊಸ ಸಿಮೆಂಟು, ಅದರ ಮೇಲೆ ಪ್ಲಾಸ್ಟಿಕ್ ಹೂಗಳು, ಅರ್ಧ ಕೊರೆದ ಒಂದು ದೋಣಿ ಹುಟ್ಟು. ಅದರ ಮಗ್ಗುಲಲ್ಲಿ ನಾವಿಬ್ಬರೂ ಮಂಡಿಯೂರಿದೆವು. ಕಲ್ಲು, ಸೌದೆ ಎದುರಿಗಿಟ್ಟು ಚಾಪೆ ಹೊದ್ದೆವು.

ಬೆಳಕು ಮೊದಲು ಬಂದದ್ದು ನೆಲದಿಂದ. ಚಾಪೆಯ ಅಂಚಿನ ಕೆಳಗೆ ಒಂದು ಬೆರಳಿನಷ್ಟು ಬೆಳ್ಳಿ ಹರಿಯಿತು. ಆಮೇಲೆ ನೇಯ್ಗೆಯ ಕಣ್ಣುಕಣ್ಣಿಂದಲೂ ಜಿನುಗಿ ಒಳಗೆಲ್ಲ ಜೇನಿನ ಬಣ್ಣ ತುಂಬಿತು. ಪೆಸಮಿನೊನ ಬಿಳಿ ಅಂಗಿಯ ಮೇಲೆ ಸಣ್ಣ ಸಣ್ಣ ಚೌಕದ ಬೆಳಕು ಉಸಿರಿನ ಜೊತೆ ಏರಿ ಇಳಿಯುತ್ತಿತ್ತು. ಹೊರಗೆ ಮನೆಯೊಂದು ಎಚ್ಚರಗೊಳ್ಳುವ ಸದ್ದು: ಕೆಮ್ಮು, ತಟ್ಟೆ, ಮಗುವಿನ ಅಳು, ಆಮೇಲೆ ಇದ್ದಕ್ಕಿದ್ದಂತೆ ಎಲ್ಲವೂ ನಿಂತು ಮೌನ. ನಮ್ಮನ್ನು ಕಂಡಿದ್ದರು.

ಒಂದು ಕೋಳಿ ಚಾಪೆಯ ಕೆಳಗೆ ನುಸುಳಿ ಬಂತು. ನಮ್ಮಿಬ್ಬರನ್ನೂ ಒಂದೊಂದು ಕಣ್ಣಿಂದ ನೋಡಿ, ನನ್ನ ಮೊಣಕಾಲಿನ ಪಕ್ಕ ಇರುವೆ ಹೆಕ್ಕಿ ತಿಂದು ಹೋಯಿತು. "ಈ ಮನೆಯಿಂದ ಮೊದಲು ಬಂದವಳು ಇವಳೇ," ಎಂದು ಪೆಸಮಿನೊ ಉಸಿರಲ್ಲಿ ಹೇಳಿದ. ನನಗೆ ನಗು ಬಂತು, ತಡೆಯಲು ಹೋಗಿ ಕಣ್ಣಲ್ಲಿ ನೀರು ಬಂತು. ಆಮೇಲೆ ಅದು ನಗುವಿನ ನೀರಾಗಿ ಉಳಿಯಲಿಲ್ಲ.

ಮಂಡಿಯ ನೋವು ಮೊದಲು ಹಲ್ಲುನೋವಿನ ಹಾಗೆ ಚೂಪಾಗಿತ್ತು, ಬರಬರುತ್ತ ದೂರದ ಅಲೆಯ ಹಾಗಾಯಿತು, ಬಂದು ಹೋಗುತ್ತಿತ್ತು. ಅದರ ಜೊತೆ ನಾನೂ ಹೋಗಿ ಬರುತ್ತಿದ್ದೆ. ಒಮ್ಮೆ ನಾನು ಏಳು ವರ್ಷದವಳಾಗಿದ್ದೆ. ಬಿಳಿ ಭಾನುವಾರ, ಮಕ್ಕಳೆಲ್ಲ ಬಿಳಿ ಬಟ್ಟೆ ತೊಟ್ಟು ಚರ್ಚಿನಲ್ಲಿ ವಚನ ಒಪ್ಪಿಸುವ ದಿನ. ಅಮ್ಮ ತಲೆಗೆ ಎಣ್ಣೆ ಹಚ್ಚಿ ಹೂ ಮುಡಿಸಿದ್ದಳು. ನಮಗೆ ಕೊಟ್ಟದ್ದು ದೇವಾಲಯಕ್ಕೆ ಪ್ರಾರ್ಥಿಸಲು ಹೋದ ಇಬ್ಬರ ಸಾಮತಿ, ನೀತಿಯ ಕಥೆ. ಒಬ್ಬ ಫರಿಸಾಯ, ಧರ್ಮನಿಷ್ಠನೆನಿಸಿಕೊಂಡವನು, ಮುಂದೆ ನಿಂತು ತನ್ನ ಒಳ್ಳೆಯತನವನ್ನೆಲ್ಲ ದೇವರಿಗೆ ಹೇಳಿದವನು. ಇನ್ನೊಬ್ಬ ಸುಂಕದವನು, ಹಿಂದೆಯೇ ನಿಂತು ಎದೆ ಬಡಿದುಕೊಂಡು ಒಂದೇ ಮಾತು ಹೇಳಿದವನು. ನಾನು ಅತ್ತು ಹಟ ಮಾಡಿ ಫರಿಸಾಯನ ಪಾಲನ್ನೇ ತೆಗೆದುಕೊಂಡೆ. ಅವನ ಮಾತು ಉದ್ದವಾಗಿತ್ತು. ಒಂದಕ್ಷರ ತಪ್ಪದೆ ಒಪ್ಪಿಸಿದೆ, ಎಲ್ಲರೂ ಮೆಚ್ಚಿದರು. ಸುಂಕದವನ ಪಾಲು ಯಾರು ಹೇಳಿದರು? ಎಷ್ಟು ನೆನಪಿಸಿಕೊಂಡರೂ ಆ ಮಗುವಿನ ಮುಖ ಬರಲಿಲ್ಲ. ಮೂಲೆಯಲ್ಲಿ ಒಂದು ಬಿಳಿ ಲಂಗ, ಅದರ ಮೇಲೆ ಬೆಳಕು, ಅಷ್ಟೇ.

ಬಿಸಿಲು ಬೆನ್ನಿಗೆ ಬರುವ ಹೊತ್ತಿಗೆ ಹೆಜ್ಜೆಯ ಸದ್ದಾಯಿತು. ಭಾರವಾದ ಹೆಜ್ಜೆ, ನಿಧಾನವಾದದ್ದು. ಚಾಪೆಯ ಅಂಚಿನಲ್ಲಿ ಎರಡು ಅಗಲವಾದ ಪಾದ ಕಂಡವು.

"ನಾನು ಸವೇಲಿಯೊ. ಮಲಾಕಿಯ ಅಣ್ಣ," ಎಂದಿತು ಮೇಲಿನ ಧ್ವನಿ. "ಹಿರಿಯರೇ, ನೀವು ಬರ್ತೀರಿ ಅಂತ ನಾವು ಅಂದ್ಕೊಂಡಿರ್ಲಿಲ್ಲ. ನಿಮ್ಮ ಊರೂ ಜೊತೆಗೆ ಬಂದಿಲ್ಲ, ನೋಡಿದೆ. ನನಗೆ ಕೋಪ ಇತ್ತು. ಇಲ್ಲ ಅನ್ನೋಲ್ಲ. ಆದ್ರೆ ಎಷ್ಟೋ ರಾತ್ರಿ ಯೋಚನೆ ಮಾಡಿದಾಗ ಒಂದೇ ಕಾಣುತ್ತೆ. ನಮ್ಮೂರಲ್ಲೂ ಶಂಖ ಊದ್ತೀವಿ. ನಾನೇ ಆಗಿದ್ರೂ ನಿಲ್ಲಿಸ್ತಿದ್ದೆ. ದೇವರ ಹೊತ್ತು ದೇವರಿಗೆ. ಏಳಿ."

ಅವನು ಬಗ್ಗಿದ. ಕೆಂಪು ಗರಿಯ ಅಂಚನ್ನು ಹಿಡಿದ. ಬೆಳಕು ಒಂದು ಗೇಣು ಒಳಗೆ ಬಂತು. ಎಂಥ ಗಾಳಿ ಬಂತು ಅದರ ಜೊತೆ! ನನ್ನ ಮೈಯೆಲ್ಲ ಆ ಗಾಳಿಗೆ ಏಳಲು ಹಾತೊರೆಯಿತು. ಮುಗಿಯಿತು, ತಂದೆಯೇ, ಮುಗಿಯಿತು ಎಂದುಕೊಂಡೆ.

ಚಾಪೆ ಮೇಲೇಳಲಿಲ್ಲ.

ಪೆಸಮಿನೊ ಒಳಗಿನಿಂದ ಅದರ ಅಂಚನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದ. ಬೆರಳಿನ ಗೆಣ್ಣು ಬಿಳುಪೇರಿದ್ದವು.

"ಬೇಡ," ಎಂದ. "ಇನ್ನೂ ಎತ್ತಬೇಡಿ. ನೀವು ಕ್ಷಮಿಸ್ತಿರೋದು ಬೇರೆ ಯಾವುದನ್ನೋ."

"ಏನಂದ್ರಿ?"

ಕ್ಷಮಿಸಲು ಬಂದವನು ಎತ್ತುವುದು, ಕ್ಷಮೆ ಬೇಡಲು ಬಂದವನು ಹಿಡಿದಿಡುವುದು. ಇಂಥದ್ದನ್ನು ನಾನು ಕೇಳಿರಲಿಲ್ಲ, ನಮ್ಮ ಅಜ್ಜಿಯೂ ಕೇಳಿರಲಿಕ್ಕಿಲ್ಲ. ನಾನು ಅವನ ತೋಳು ಹಿಡಿದೆ. ಅವನು ನನ್ನ ಕೈಯನ್ನು ಮೆಲ್ಲಗೆ ಸರಿಸಿದ.

"ದೇವರ ಹೊತ್ತು ಮುಗಿದುಹೋಗಿತ್ತು," ಎಂದ. ಎರಡು ಮನೆ ದಾಟುವ ಆ ಧ್ವನಿ ಎಲ್ಲಿ ಹೋಯಿತೋ, ತುಂಡು ತುಂಡಾಗಿ, ಒಣಗಿದ ಗಂಟಲಿಂದ ಬಂತು. "ನಾನು ಗಾಡಿ ನೋಡಿದೆ. ಕೇಳೋಕೆ ಜನ ಬಂದಿದ್ದಾರೆ ಅಂತ ಖುಷಿಯಾಯ್ತು. ಅದಕ್ಕೆ ಬೆಳೆಸಿದೆ. ಒಳಗೆ ಕಾಯಿಲೆಯವರಿದ್ದಾರೆ ಅಂತ ಗೊತ್ತಿರ್ಲಿಲ್ಲ, ಅಷ್ಟು ನಿಜ. ಆದ್ರೆ ಆ ಕೊನೆಯ ಅರ್ಧ ದೇವರಿಗೆ ಹೇಳಿದ್ದಲ್ಲ. ನನ್ನ ಧ್ವನಿ ನಾನೇ ಕೇಳ್ತಾ ಕೂತಿದ್ದೆ. ನಿಮ್ಮ ತಮ್ಮ ಕಾದಿದ್ದು ಅದಕ್ಕೆ."

ನನ್ನ ಬಾಯಿ ತಾನಾಗಿ ತೆರೆಯಿತು. "ನಾನು ಪಕ್ಕದಲ್ಲಿದ್ದೆ," ಎಂದೆ. "ನಾನು ಕೆಮ್ಮಿದ್ರೆ ನಿಲ್ಲಿಸ್ತಿದ್ದ. ಕೆಮ್ಮಲಿಲ್ಲ. ಚೆನ್ನಾಗಿತ್ತು, ಅದಕ್ಕೆ."

ಸವೇಲಿಯೊ ಚಾಪೆಯ ಅಂಚನ್ನು ಕೈಬಿಟ್ಟ. ಗಾಳಿ, ಬೆಳಕು ಎರಡೂ ಹೋದವು.

"ಧ್ವನಿ ಕೇಳ್ತಾ ಕೂತಿದ್ರಂತೆ!" ಎಂದು ಅವನು ಕೂಗಿದ್ದು ನಮಗೆ ಹೇಳಿದ್ದಲ್ಲ, ಮನೆಯ ಕಡೆ ತಿರುಗಿ ಹೇಳಿದ್ದು. "ಕೇಳಿದ್ರೇನ್ರೋ? ನನ್ನ ತಮ್ಮ ಉಸಿರು ಸಿಗದೆ ಒದ್ದಾಡ್ತಿದ್ರೆ ಈ ಮನುಷ್ಯ ಹಾಡ್ತಾ ಕೂತಿದ್ನಂತೆ!" ನಾವೇ ಹೊತ್ತು ತಂದ ಕಲ್ಲುಗಳಲ್ಲಿ ಒಂದು ಮೇಲೆದ್ದ ಸದ್ದಾಯಿತು. ನಾನು ಗಂಡನ ತಲೆಯ ಮೇಲೆ ಕೈಯಿಟ್ಟೆ. ಕಲ್ಲು ಬಿತ್ತು, ನಮ್ಮ ಮೇಲಲ್ಲ, ಪಕ್ಕದ ನೆಲಕ್ಕೆ. ಮಣ್ಣು ಸಿಡಿದು ಮುಖಕ್ಕೆ ಬಡಿಯಿತು. "ಕೂತಿರಿ ಅಲ್ಲೇ!" ಎಂದ. "ಕಾಯೋದು ಅಂದ್ರೆ ಏನು ಅಂತ ನಿಮಗೂ ಗೊತ್ತಾಗ್ಲಿ." ಪಾದಗಳು ಹೋದವು.

"ಆಯ್ತಲ್ಲ," ಎಂದೆ ನಾನು. ಬೈಯಬೇಕೆಂದಿದ್ದೆ, ಆಗಲಿಲ್ಲ.

"ಆಯ್ತು," ಎಂದ ಅವನು. ಅವನ ಮುಖ ನೋಡಿದೆ. ಮೂರು ವಾರದಲ್ಲಿ ಮೊದಲ ಸಲ ಅದರಲ್ಲಿ ನನ್ನ ಗಂಡನಿದ್ದ.

ಆಮೇಲಿನ ಹೊತ್ತು ಎಷ್ಟೆಂದು ನಾನು ಹೇಳಲಾರೆ. ನೆರಳು ನಮ್ಮ ಅಡಿಗೇ ಬಂದು ಸೇರಿತು. ಮನೆಯೊಳಗೆ ಗಟ್ಟಿ ಮಾತು, ಒಬ್ಬ ಹೆಂಗಸಿನ ಅಳು. ಚಾಪೆ ಬಿಸಿಯಾಗಿ ಹುಲ್ಲಿನ ವಾಸನೆ, ಹಳೆಯ ತೆಂಗಿನೆಣ್ಣೆಯ ವಾಸನೆ ಬಿಟ್ಟಿತು. ಅದನ್ನು ನೇಯುತ್ತ ಕೂತಿದ್ದ ಆಸೆನಾತಿಯ ಅಜ್ಜಿಯ ಬೆರಳುಗಳಿಂದ ಬಂದದ್ದೇ ಇರಬೇಕು. ಕಣ್ಣು ಮುಚ್ಚಿದರೂ ತೆರೆದರೂ ಒಂದೇ ಜೇನಿನ ಬಣ್ಣ. ನಾಲಗೆ ಒಣಗಿ ವಚನಗಳೂ ಬರಲಿಲ್ಲ. ಬಾಲ್ಯದಿಂದ ಕಲಿತದ್ದೆಲ್ಲ, ಕೀರ್ತನೆಗಳು, ಪ್ರವಾದಿಗಳ ಮಾತು, ಒಂದೊಂದೇ ಎದ್ದು ಹೋದ ಹಾಗಾಯಿತು, ಹಬ್ಬ ಮುಗಿದ ಮನೆಯಿಂದ ನೆಂಟರು ಹೋಗುವ ಹಾಗೆ. ಕೊನೆಗೆ ಉಳಿದದ್ದು ಆ ಸುಂಕದವನ ಒಂದು ಮಾತು, ಕರುಣಿಸು ಎಂಬುದು. ನನ್ನ ಪಾಲಿಗೆ ಬಾರದ ಆ ಮಾತು ನನಗೆ ಬಾಯಿಪಾಠವಿದೆ ಎಂದು ನನಗೇ ಗೊತ್ತಿರಲಿಲ್ಲ.

ಅರವತ್ತು ವರ್ಷ ನಾನು ಪ್ರಾರ್ಥಿಸುವಾಗ ಮೇಲೆ ನೋಡಿದ್ದೆ. ಅಲ್ಲಿ ಮೇಲೆ ನೋಡಿದರೆ ಚಾಪೆ, ಅಷ್ಟೇ. ನೆಲ ನೋಡಿದೆ. ಬಿಸಿಲಿನ ಚುಕ್ಕೆಗಳು ಮಣ್ಣಿನ ಮೇಲೆ ಅಲುಗುತ್ತಿದ್ದವು. ಆಗ ನನ್ನ ಬಲಗಡೆ ಇನ್ನೊಬ್ಬರು ಮಂಡಿಯೂರಿದ್ದಾರೆ ಅನ್ನಿಸಿತು. ಮುಖ ಕಾಣಲಿಲ್ಲ, ನೋಡಬೇಕೆಂದೂ ಅನ್ನಿಸಲಿಲ್ಲ. ಮಣ್ಣು ಮೆತ್ತಿದ ಮಂಡಿ, ಬಡಗಿಯ ಕೈ, ತೊಡೆಯ ಮೇಲೆ ಸುಮ್ಮನೆ ಇಟ್ಟುಕೊಂಡದ್ದು. ಮಲಾಕಿಯೋ? ದೋಣಿ ಮಾಡುವವನ ಕೈಯೂ ಹಾಗೆಯೇ ಇರುತ್ತದೆ. ಅಥವಾ ಆತನೋ, ಶಿಷ್ಯರ ಕಾಲು ತೊಳೆಯಲು ನೆಲಕ್ಕೆ ಕೂತವನು? ಯಾರಾದರೂ ಆಗಲಿ, ನಮ್ಮ ಮೇಲೆ ಅವರಿಗೆ ಕೋಪವಿರಲಿಲ್ಲ. ಅವರಿಗೂ ನೋಯುತ್ತಿತ್ತು. ನಾವು ಹೊದ್ದ ಚಾಪೆಯನ್ನೇ ಹೊದ್ದು ಕಾಯುತ್ತಿದ್ದರು. ನನಗೆ ನಿದ್ದೆಯಂಥ ಒಂದು ನೆಮ್ಮದಿ ಬಂತು. ಎತ್ತದಿದ್ದರೂ ಪರವಾಗಿಲ್ಲ, ಇಲ್ಲಿಯೇ ಇರಬಹುದು ಅನ್ನಿಸಿತು.

ಚಾಪೆಯ ಅಂಚು ಎದ್ದಿತು. ಕಪ್ಪು ಬಟ್ಟೆ ತೊಟ್ಟ ಒಬ್ಬ ಹೆಂಗಸು ಮೊಣಕೈ ಊರಿ, ಕೋಳಿ ಬಂದ ಕಡೆಯಿಂದಲೇ ಒಳಗೆ ತೆವಳಿಕೊಂಡು ಬಂದಳು.

"ಸ್ವಲ್ಪ ಸರಿಯಕ್ಕಾ," ಎಂದಳು ನನಗೆ. "ನನಗೂ ಜಾಗ ಬೇಕು."

ಸರಿದೆ. ಅವಳು ನನ್ನ ಬಲಗಡೆ ಮಂಡಿಯೂರಿದಳು. ವಯಸ್ಸು ನಲವತ್ತರ ಆಸುಪಾಸು, ಅತ್ತು ಅತ್ತು ಮುಖ ಬಾತಿತ್ತು. ಕೈಯಲ್ಲಿ ಒಂದು ಎಳನೀರು ಇತ್ತು. ಅದನ್ನು ನನ್ನ ಮುಂದೆ ಇಟ್ಟಳು.

"ನಾನು ತೆಲೇಸಿಯಾ."

ಪೆಸಮಿನೊ ಹಣೆಯನ್ನು ನೆಲಕ್ಕೆ ಹಚ್ಚಿದ.

"ಏಳಿ ಹಿರಿಯರೇ. ನಿಮ್ಮನ್ನ ಬೈಯೋಕೆ ಬಂದಿಲ್ಲ. ಬೈದೆ ಆಗ್ಲೇ, ಒಳಗೆ ಕೂತು, ಹೊಟ್ಟೆ ತುಂಬ." ಅವಳು ಸ್ವಲ್ಪ ಹೊತ್ತು ಮಣ್ಣಿನ ಮೇಲಿನ ಬೆಳಕನ್ನು ನೋಡಿದಳು. "ಸತ್ಯ ಹೇಳಿದ್ರಲ್ಲ ನೀವು. ಅದಕ್ಕೆ ನನ್ನದೂ ಹೇಳ್ಬೇಕು. ಹೊರಗೆ ಯಾರಿಗೂ ಹೇಳಿಲ್ಲ."

ಅವಳು ಒಂದು ಕೈಯನ್ನು ಮಣ್ಣಿನ ಮೇಲೆ ಚಾಚಿದಳು.

"ನನ್ನ ಕೈ ಹಾರ್ನಿನ ಮೇಲೇ ಇತ್ತು," ಎಂದಳು. "ಒಂದು ಸಲ ಒತ್ತಿದ್ರೆ ಸಾಕಿತ್ತು. ನಿಮ್ಮ ಕಾವಲಿನವನು ಪಾಪ ನಡುಗ್ತಿದ್ದ, ದಾರಿ ಬಿಟ್ಟುಬಿಡ್ತಿದ್ದ. ಒತ್ತೋಕೆ ಹೋದೆ. ಮಲಾಕಿ ಕೈ ಹಿಡ್ಕೊಂಡ. 'ಬೇಡ, ಪ್ರಾರ್ಥನೆ ನಡೀತಿದೆ, ಏನಂದ್ಕೊಂಡಾರು' ಅಂದ. ನಾನೂ, ಹೌದು, ಏನಂದ್ಕೊಂಡಾರು ಅಂದ್ಕೊಂಡೆ." ಅವಳು ಆ ಕೈಯನ್ನು ಮಗುಚಿದಳು. "ಗಂಡ ಸಾಯ್ತಿದ್ದಾನೆ. ನಾನು ಬೇರೆ ಊರಿನವರು ಏನಂದ್ಕೊಂಡಾರು ಅಂತ ಕೂತಿದ್ದೆ. ದಿನಾ ಎದ್ದ ಕೂಡಲೇ ಈ ಕೈ ನೋಡ್ತೀನಿ. ಕತ್ತರಿಸಿ ಹಾಕ್ಬೇಕು ಅನ್ಸುತ್ತೆ."

ನಾನು ಅವಳ ಆ ಕೈಯನ್ನು ಎತ್ತಿ ನನ್ನ ಮಡಿಲಲ್ಲಿ ಇಟ್ಟುಕೊಂಡೆ. ಚಿಕ್ಕ ಕೈ, ಉಗುರಿನ ಸಂದಿಯಲ್ಲಿ ಮಸಿ. ಬೆಳಗಿನ ಅಡುಗೆಗೆ ಒಲೆ ಹಚ್ಚಿದ್ದಿರಬೇಕು.

"ಅವರು ಏನಾದ್ರೂ ಅಂದ್ರಾ?" ಎಂದು ಪೆಸಮಿನೊ ಕೇಳಿದ. ತಲೆ ಎತ್ತಿರಲಿಲ್ಲ. "ಆಮೇಲೆ, ದಾರಿಯಲ್ಲಿ?"

ತೆಲೇಸಿಯಾ ಮೂಗು ಎಳೆದುಕೊಂಡಳು. "ಅಂದ. ಶಂಖ ಕೂಗಿದಾಗ, 'ಅಬ್ಬಾ, ಈ ಮುದುಕ ಉಸಿರು ಬಿಡೋಷ್ಟರಲ್ಲಿ ನನ್ನ ಉಸಿರು ಹೋಗ್ತಿತ್ತು' ಅಂದ. ತಮಾಷೆಗೆ. ಯಾವಾಗ್ಲೂ ಹಾಗೇ ಅವನು." ಹೇಳುತ್ತ ಹೇಳುತ್ತ ಅವಳಿಗೆ ನಗು ಬಂದುಬಿಟ್ಟಿತು, ನಗು ತುದಿಗೆ ಬಂದು ಬಿಕ್ಕಳಿಕೆಯಾಯಿತು. ನನ್ನ ಗಂಡ ಹಣೆ ನೆಲಕ್ಕೊತ್ತಿ ಜೋರಾಗಿ ಅತ್ತ. ನಮ್ಮ ಮದುವೆಯಾದ ಮೇಲೆ ಅವನು ಹಾಗೆ ಅಂದವಾಗಿಲ್ಲದೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಮೂಗಲ್ಲಿ, ಬಾಯಲ್ಲಿ ಮಣ್ಣು. ಎಳನೀರನ್ನು ಮೂವರೂ ಒಂದೊಂದು ಗುಟುಕು ಕುಡಿದೆವು.

ಮತ್ತೆ ಆ ಅಗಲವಾದ ಪಾದಗಳು ಬಂದವು.

"ತೆಲೇಸಿಯಾ ಎಲ್ಲಿ?" ಎಂದು ಸವೇಲಿಯೊ ಯಾರನ್ನೋ ಕೇಳಿದ. ಉತ್ತರ ನಮಗೆ ಕೇಳಲಿಲ್ಲ. "ಒಳಗಾ? ಚಾಪೆ ಒಳಗಾ? ಅಲ್ಲಿ ಏನು ಮಾಡ್ತಿದ್ದಾಳೆ ಅವಳು?"

"ಮಂಡಿಯೂರಿದ್ದೀನಿ ಭಾವ," ಎಂದಳು ಅವಳು ಒಳಗಿನಿಂದ.

"ಯಾರಿಗೆ? ಇದು ನಮ್ಮ ಮನೆ ಕಣೇ! ನಮ್ಮ ಮನೆಯ ಮುಂದೆ ನೀನೇ ಮಂಡಿಯೂರಿದ್ರೆ ಎತ್ತೋರ್ಯಾರು?"

"ನೀವೇ."

ಅವನು ಹೋಗಲಿಲ್ಲ, ಬಗ್ಗಲೂ ಇಲ್ಲ. ಅಲ್ಲೇ ನಿಂತ. ಒಂದು ಪಾದದ ಹೆಬ್ಬೆರಳು ಮಣ್ಣನ್ನು ಒತ್ತುತ್ತಿತ್ತು, ಬಿಡುತ್ತಿತ್ತು. ಸಮಾಧಿಯ ಕಡೆ ಒಂದು ಹೆಜ್ಜೆ ಹೋಗಿ ತಿರುಗಿ ಬಂದ. ಅವನ ಉಸಿರು ನಮಗೆ ಕೇಳುತ್ತಿತ್ತು, ಭಾರದ ದೋಣಿಯನ್ನು ದಡಕ್ಕೆ ಎಳೆಯುವವನ ಉಸಿರಿನ ಹಾಗೆ. ತೆಲೇಸಿಯಾಳ ಕೈ ನನ್ನ ಮಡಿಲಲ್ಲೇ ಇತ್ತು. ಪೆಸಮಿನೊ ಈ ಸಲ ಚಾಪೆ ಹಿಡಿಯಲಿಲ್ಲ. ಎರಡು ಅಂಗೈಗಳನ್ನೂ ತೆರೆದು ನೆಲದ ಮೇಲಿಟ್ಟಿದ್ದ.

ಚಾಪೆ ಹೋಯಿತು.

ಆಕಾಶ ಅಷ್ಟು ಅಗಲವಾಗಿರುತ್ತದೆಂದು ನಾನು ಮರೆತೇಬಿಟ್ಟಿದ್ದೆ. ಕಣ್ಣು ಕುಕ್ಕಿ ಏನೂ ಕಾಣಲಿಲ್ಲ. ಬಿಳುಪು, ಅದರೊಳಗೆ ಒಬ್ಬ ದೊಡ್ಡ ಮನುಷ್ಯ, ತೋಳಿನ ಮೇಲೆ ಆ ಚಾಪೆಯನ್ನು ಮಲಗಿದ ಮಗುವಿನಂತೆ ಹಿಡಿದುಕೊಂಡವನು. ಅವನ ಗಡ್ಡ ಒದ್ದೆಯಾಗಿತ್ತು.

"ಕ್ಷಮಿಸಿದ್ದೀನಿ ಅಂತ ಹೇಳ್ತಿಲ್ಲ ನಾನು," ಎಂದ ಸವೇಲಿಯೊ. "ಅದು ಇನ್ನೂ ಬಂದಿಲ್ಲ. ಬರುತ್ತೋ ಏನೋ. ಬಿಸಿಲು ಜಾಸ್ತಿಯಾಯ್ತು, ಅದಕ್ಕೆ ಎತ್ತಿದೆ. ಒಳಗೆ ಬನ್ನಿ."

ತೆಲೇಸಿಯಾ ಎದ್ದಳು. ಕಂಬ ಹಿಡಿದವಳ ಹಾಗೆ ಅವಳ ತೋಳು ಹಿಡಿದು ನಾನೂ ಎದ್ದೆ. ಪೆಸಮಿನೊನಿಗೆ ಏಳಲಾಗಲಿಲ್ಲ. ಬೆಳಗಿನಿಂದ ಮಡಿಸಿದ್ದ ಕಾಲು ಅವನದಾಗಿ ಉಳಿದಿರಲಿಲ್ಲ. ಒಂದು ಸಲ ಪ್ರಯತ್ನಿಸಿ ಕೈಮೇಲೆ ಬಿದ್ದ, ಮತ್ತೊಂದು ಸಲ ಪ್ರಯತ್ನಿಸಿ ಹಾಗೇ ಕೂತುಬಿಟ್ಟ. "ಆಗ್ತಿಲ್ಲಪ್ಪ," ಎಂದ, ಸಣ್ಣಗೆ, ನಾಚಿಕೊಂಡು.

ಸವೇಲಿಯೊ ಅವನನ್ನೇ ನೋಡಿದ. ಆಮೇಲೆ ಚಾಪೆಯನ್ನು ತೆಲೇಸಿಯಾಳ ಕೈಗೆ ಕೊಟ್ಟು, ಹಲ್ಲು ಕಚ್ಚಿ ಬಗ್ಗಿ, ನನ್ನ ಗಂಡನ ಕಂಕುಳಿಗೆ ಎರಡು ಕೈಯನ್ನೂ ಕೊಟ್ಟ. "ಹಿಡ್ಕೊಳ್ಳಿ," ಎಂದ. "ನನ್ನ ಕುತ್ತಿಗೆ ಹಿಡ್ಕೊಳ್ಳಿ. ಜೋರಾಗಿ." ಪೆಸಮಿನೊ ಅವನ ಕುತ್ತಿಗೆಗೆ ತೋಳು ಹಾಕಿದ. ಒಬ್ಬರ ಮುಖ ಇನ್ನೊಬ್ಬರ ಹೆಗಲಿನಲ್ಲಿ ಮರೆಯಾಯಿತು. ಒಂದೊಂದು ಹೆಜ್ಜೆ ನಿಂತು ನಿಂತು, ಬೈದುಕೊಳ್ಳುತ್ತ, ಅವನು ನನ್ನ ಗಂಡನನ್ನು ಮನೆಯೊಳಗೆ ಕರೆದುಕೊಂಡು ಹೋದ.